ಚಾವಣಿಯ ಎತ್ತರ ಮತ್ತು ದಾಖಲೆಯ ನ್ಯಾಯ

ಹಾವೇರಿ ಜಿಲ್ಲೆಯ ಹಿರೇಕೆರೂರಿಗೆ ಸಮೀಪದಲ್ಲಿರುವ ಅಬಲೂರು ಇತಿಹಾಸಪ್ರಸಿದ್ಧವಾದ ಗ್ರಾಮ. ತ್ರಿಪದಿಗಳ ಕವಿ ಸರ್ವಜ್ಞನ ಹುಟ್ಟೂರು ಇದೇ ಎಂದು ಜನಪರಂಪರೆ ನಂಬಿಕೊಂಡು ಬಂದಿದೆ. ಇಲ್ಲಿನ ಸೋಮೇಶ್ವರ ದೇವಾಲಯ ಚಾಲುಕ್ಯ ಶೈಲಿಯ ಶಿಲ್ಪಕಲೆಗೆ ಹೆಸರಾದುದು. ಇಂತಹ ಊರುಗಳಲ್ಲಿ ಗಾಳಿ ಬೀಸುವ ಬಯಲಿಗೆ ಕೊರತೆಯಿಲ್ಲ. ಆದರೆ ಗಾಳಿ ಸುಳಿಯದ, ವಿಶಾಲವಾದ, ಬಹಳ ಎತ್ತರದ ಒಳಾಂಗಣವೊಂದನ್ನು ಹುಡುಕಹೊರಟರೆ ಅದು ದೊರೆಯುವುದು ಕಷ್ಟ. ಗುಡಿಯ ಮಂಟಪವಾಗಲಿ, ಶಾಲೆಯ ಕೊಠಡಿಯಾಗಲಿ ನಾಲ್ಕಾರು ಮೀಟರುಗಳ ಎತ್ತರಕ್ಕೆ ಮುಗಿದುಹೋಗುತ್ತದೆ.

ಇಂತಹ ಒಂದು ಊರಿನ ವಿದ್ಯಾರ್ಥಿನಿ ತೆಳುವಾದ ಕಡ್ಡಿ, ಹಗುರವಾದ ಹಾಳೆ ಮತ್ತು ರಬ್ಬರ್ ಎಳೆಯಿಂದ ಒಂದು ಪುಟ್ಟ ಮಾದರಿ ವಿಮಾನವನ್ನು ಮಾಡಿದಳೆಂದು ಊಹಿಸೋಣ. ಶಾಲೆಯ ಕೊಠಡಿಯ ಬಾಗಿಲು, ಕಿಟಕಿಗಳನ್ನು ಮುಚ್ಚಿ ಅವಳು ಅದನ್ನು ಹಾರಿಸಿದಾಗ ಅದು ಐದು ನಿಮಿಷಗಳ ಕಾಲ ಗಾಳಿಯಲ್ಲಿ ತೇಲಿತೆಂದು ಇಟ್ಟುಕೊಳ್ಳೋಣ. ಅಂತಹುದೇ ವಿಮಾನವನ್ನು ದೂರದೇಶದ ಮತ್ತೊಬ್ಬ ವಿದ್ಯಾರ್ಥಿ ಹತ್ತು ಮಹಡಿಗಳಷ್ಟು ಎತ್ತರವಾದ ಮಂದಿರದೊಳಗೆ ಹಾರಿಸಿ ಒಂಬತ್ತು ನಿಮಿಷಗಳನ್ನು ಸಾಧಿಸಿದನೆಂದು ಭಾವಿಸೋಣ. ಇಬ್ಬರಲ್ಲಿ ಹೆಚ್ಚಿನ ಕುಶಲಿ ಯಾರು? ಗಡಿಯಾರವನ್ನು ಕೇಳಿದರೆ ಅದು ಎರಡನೆಯವನ ಕಡೆಗೆ ಬೆರಳು ತೋರಿಸುತ್ತದೆ. ಆದರೆ ಗಡಿಯಾರಕ್ಕೆ ಚಾವಣಿಯ ವಿಷಯ ತಿಳಿಯದು.

ಈ ಪ್ರಶ್ನೆ ಕೇವಲ ಕಲ್ಪನೆಯದಲ್ಲ. ಒಳಾಂಗಣ ಮಾದರಿ ವಿಮಾನಗಳ ಹಾರಾಟ ಎಂಬ ಸೂಕ್ಷ್ಮವಾದ ಕ್ರೀಡೆಯಲ್ಲಿ ತೊಡಗಿದವರು ಹಲವು ದಶಕಗಳಿಂದ ಇದನ್ನು ಚರ್ಚಿಸುತ್ತ ಬಂದಿದ್ದಾರೆ. ಎಲ್ಲರಿಗೂ ಒಂದೇ ದಾಖಲೆ ಇರಬೇಕೆ? ಅಥವಾ ಸ್ಥಳ, ಸಾಮಗ್ರಿ, ಗಾತ್ರಗಳನ್ನು ಅನುಸರಿಸಿ ಪ್ರತ್ಯೇಕ ದಾಖಲೆಗಳಿರಬೇಕೆ? ಇರಬೇಕಾದರೆ ಎಷ್ಟಿರಬೇಕು? ಈ ಚರ್ಚೆಯನ್ನು ಅರಿಯಬೇಕಾದರೆ ಮೊದಲು ಆ ವಿಮಾನದ ಸ್ವರೂಪವನ್ನು ತಿಳಿಯುವುದು ಅಗತ್ಯ.

ರಬ್ಬರಿನ ಶಕ್ತಿಯಿಂದ ಹಾರುವ ಮಾದರಿ ವಿಮಾನದ ಇತಿಹಾಸ ನಿಜವಾದ ವಿಮಾನದ ಇತಿಹಾಸಕ್ಕಿಂತಲೂ ಹಳೆಯದು. ಫ್ರಾನ್ಸ್ ದೇಶದ ಆಲ್ಫೋನ್ಸ್ ಪೆನೋ ಎಂಬ ತರುಣ 1871ರಲ್ಲಿ ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ತಿರುಚಿದ ರಬ್ಬರಿನಿಂದ ನಡೆಯುವ ಪುಟ್ಟ ವಿಮಾನವನ್ನು ಹಾರಿಸಿ ತೋರಿಸಿದನು. ಅದು ಗಾಳಿಯಲ್ಲಿದ್ದುದು 11 ಸೆಕೆಂಡುಗಳು ಮಾತ್ರ. ಆದರೂ ಅದು ಸಮತೋಲ ತಪ್ಪದೆ ತಾನಾಗಿಯೇ ಹಾರಿತು. ಪೆನೋ ರೂಪಿಸಿದ ಬಗೆಯ ರಬ್ಬರ್ ಆಟಿಕೆಯೊಂದನ್ನು 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಇಬ್ಬರು ಮಕ್ಕಳಿಗೆ ತಂದುಕೊಟ್ಟರು. ಆ ಮಕ್ಕಳೇ ಮುಂದೆ 1903ರಲ್ಲಿ ಮೊದಲ ವಿಮಾನವನ್ನು ಹಾರಿಸಿದ ರೈಟ್ ಸಹೋದರರು. ಆಟಿಕೆಯೆಂದು ತೋರುವ ವಸ್ತುವಿನೊಳಗೆ ಒಂದು ಶಾಸ್ತ್ರವೇ ಅಡಗಿರಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ನಮ್ಮ ನಾಡಿನಲ್ಲಿಯೂ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾಗಿ, 1951ರಲ್ಲಿ ಎಚ್.ಟಿ.-2 ಎಂಬ ತರಬೇತಿ ವಿಮಾನ ಆಕಾಶಕ್ಕೇರಿತು. ಎನ್.ಸಿ.ಸಿ.ಯ ವಾಯು ವಿಭಾಗದ ಶಿಕ್ಷಣದಲ್ಲಿ ಮಾದರಿ ವಿಮಾನಗಳ ನಿರ್ಮಾಣಕ್ಕೂ ಸ್ಥಾನವಿದೆ.

ಒಳಾಂಗಣದಲ್ಲಿ ಹಾರುವ ಮಾದರಿ ವಿಮಾನ ಇವೆಲ್ಲವುಗಳಲ್ಲಿ ಅತ್ಯಂತ ನಾಜೂಕಾದುದು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಎಫ್-1-ಡಿ ಎಂದು ಕರೆಯಲ್ಪಡುವ ವರ್ಗದ ವಿಮಾನವನ್ನೇ ನೋಡಿರಿ. ಅದರ ರೆಕ್ಕೆಯ ಉದ್ದ ಈಗಿನ ನಿಯಮದಂತೆ 55 ಸೆಂಟಿಮೀಟರುಗಳನ್ನು ಮೀರಬಾರದು. ರಬ್ಬರನ್ನು ಬಿಟ್ಟು ಅದರ ತೂಕ 1.4 ಗ್ರಾಮಿಗಿಂತ ಕಡಿಮೆ ಇರಬಾರದು. ಕುಶಲಿಗಳು ಈ ಮಿತಿಯ ಅಂಚಿನಲ್ಲಿಯೇ ನಿರ್ಮಿಸುವುದರಿಂದ ಒಂದು ಮೊಳಕ್ಕಿಂತಲೂ ಉದ್ದವಾದ ಈ ವಿಮಾನ ನಮ್ಮ ಒಂದು ರೂಪಾಯಿ ನಾಣ್ಯದ ಅರ್ಧದಷ್ಟೂ ತೂಗುವುದಿಲ್ಲ. ಅದನ್ನು ನಡೆಸುವ ರಬ್ಬರಿನ ತೂಕ 0.4 ಗ್ರಾಮನ್ನು ದಾಟಕೂಡದು. ಅದರ ಅಸ್ಥಿಪಂಜರ ಬಾಲ್ಸಾ ಎಂಬ ಮರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಬೆಳೆಯುವ ಈ ಮರ ನಮ್ಮ ಬೂರುಗದ ಬಂಧು, ಬೆಂಡಿನಂತೆ ಹಗುರ.

ರೆಕ್ಕೆಗೆ ಹೊದಿಸುವ ಪೊರೆಯ ಕಥೆ ಇನ್ನೂ ಸ್ವಾರಸ್ಯಕರ. ಬಹುಕಾಲ ಈ ಪೊರೆಯನ್ನು ಹಾರಾಟಗಾರರು ತಾವೇ ತಯಾರಿಸಿಕೊಳ್ಳುತ್ತಿದ್ದರು. ನೈಟ್ರೋಸೆಲ್ಯುಲೋಸಿನ ದ್ರಾವಣವನ್ನು ತಿಳಿನೀರಿನ ಮೇಲೆ ಸುರಿದರೆ ಅದು ಕ್ಷಣಮಾತ್ರದಲ್ಲಿ ಹರಡಿ ಒಣಗಿ, ನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಅದನ್ನು ಚೌಕಟ್ಟಿನಿಂದ ಮೆಲ್ಲನೆ ಎತ್ತಿ ರೆಕ್ಕೆಗೆ ಅಂಟಿಸಬೇಕು. ಮಳೆನೀರಿನ ಮೇಲೆ ಬಿದ್ದ ಎಣ್ಣೆಯ ಹನಿಯಂತೆ ಈ ಪೊರೆ ಕಾಮನಬಿಲ್ಲಿನ ಬಣ್ಣಗಳನ್ನು ತಳೆಯುತ್ತದೆ. ಆ ಬಣ್ಣಗಳಿಂದಲೇ ಅದರ ದಪ್ಪವನ್ನು ಅನುಭವಿಗಳು ಅಂದಾಜು ಮಾಡುತ್ತಿದ್ದರು. ಇದಕ್ಕೆ ಮೈಕ್ರೋಫಿಲ್ಮ್ ಎಂದು ಹೆಸರು. ಮುಂದೆ ಅತಿ ತೆಳುವಾದ ಪ್ಲಾಸ್ಟಿಕ್ ಹಾಳೆಗಳು ದೊರೆಯತೊಡಗಿದ ಮೇಲೆ ಇದರ ಬಳಕೆ ಕಡಿಮೆಯಾಯಿತು.

ಇಷ್ಟು ಹಗುರವಾದ ವಿಮಾನ ಮನುಷ್ಯನ ನಡಿಗೆಗಿಂತಲೂ ನಿಧಾನವಾಗಿ ಹಾರುತ್ತದೆ. ಅದರ ಮುಂದಿನ ದೊಡ್ಡ ಪಂಖ ಸುಮಾರಾಗಿ ಸೆಕೆಂಡಿಗೆ ಒಂದು ಸುತ್ತಿನಂತೆ ಆಲಸ್ಯದಿಂದ ತಿರುಗುತ್ತದೆ. ಹತ್ತಿರದಲ್ಲಿ ಯಾರಾದರೂ ಬಿರುಸಾಗಿ ನಡೆದರೂ ಸಾಕು, ಆ ಗಾಳಿಗೆ ರೆಕ್ಕೆ ಮುರಿದೀತು. ಆದುದರಿಂದಲೇ ಇದಕ್ಕೆ ಬಯಲು ಸಲ್ಲದು; ಬಾಗಿಲು ಮುಚ್ಚಿದ, ಗಾಳಿಯಾಡದ ಮಂದಿರ ಬೇಕು. ಒಮ್ಮೆ ಕೈಬಿಟ್ಟ ಮೇಲೆ ಅದು ತನ್ನ ಪಾಡಿಗೆ ತಾನು ವರ್ತುಲಾಕಾರವಾಗಿ ಸುತ್ತುತ್ತಿರುತ್ತದೆ. ಅದು ತೊಲೆಗೆ ಸಿಕ್ಕಿಕೊಳ್ಳುವಂತಿದ್ದರೆ ದಾರಕ್ಕೆ ಕಟ್ಟಿದ ಬೆಲೂನಿನಿಂದ ಮೆಲ್ಲನೆ ತಳ್ಳಿ ದಾರಿ ತಪ್ಪಿಸುವ ಪದ್ಧತಿಯೂ ಉಂಟು. ಸ್ಪರ್ಧೆಯ ಗುರಿ ವೇಗವಲ್ಲ, ದೂರವಲ್ಲ. ಎಷ್ಟು ಹೊತ್ತು ಗಾಳಿಯಲ್ಲಿ ಉಳಿಯಿತು ಎಂಬುದೊಂದೇ. 1990ರ ದಶಕದಲ್ಲಿ, ರೆಕ್ಕೆಯ ಮಿತಿ 65 ಸೆಂಟಿಮೀಟರುಗಳಾಗಿದ್ದಾಗ, ಅಮೆರಿಕದ ಹಾರಾಟಗಾರರು ಅತ್ಯುನ್ನತ ಮಂದಿರಗಳಲ್ಲಿ ಒಂದು ಗಂಟೆಯ ಮೇರೆಯನ್ನೂ ದಾಟಿದರು.

ಹಾಗಾದರೆ ಚಾವಣಿಯ ಎತ್ತರಕ್ಕೂ ಹಾರಾಟದ ಕಾಲಕ್ಕೂ ಏನು ಸಂಬಂಧ? ಇದರ ಕಾರಣ ರಬ್ಬರಿನ ಸ್ವಭಾವದಲ್ಲಿದೆ. ರಬ್ಬರ್ ಎಳೆಯನ್ನು ಸಾವಿರಕ್ಕೂ ಮಿಕ್ಕಿದ ಸುತ್ತುಗಳಷ್ಟು ತಿರುಚಿ ಬಿಟ್ಟಾಗ ಅದು ಎಲ್ಲ ಕಾಲದಲ್ಲಿಯೂ ಒಂದೇ ಬಲದಿಂದ ಬಿಚ್ಚಿಕೊಳ್ಳುವುದಿಲ್ಲ. ಮೊದಲ ಕೆಲವು ಕ್ಷಣಗಳಲ್ಲಿ ಅದರ ಬಲ ಬಹಳ ಹೆಚ್ಚು. ಅನಂತರ ಅದು ಬೇಗನೆ ಇಳಿದು, ದೀರ್ಘಕಾಲ ಸಮವಾಗಿ ನಡೆದು, ಕೊನೆಗೆ ಸೋತು ನಿಲ್ಲುತ್ತದೆ. ಮೊದಲಿನ ಆ ಅಧಿಕ ಬಲ ವಿಮಾನವನ್ನು ಮೇಲಕ್ಕೆ ಏರಿಸುತ್ತದೆ. ಎತ್ತರವಾದ ಮಂದಿರದಲ್ಲಿ ಈ ಏರಿಕೆ ಲಾಭವೇ ಸರಿ. ಏರಿದ ಎತ್ತರ ಬ್ಯಾಂಕಿನಲ್ಲಿಟ್ಟ ಹಣದಂತೆ; ಬಲ ಕುಂದಿದ ಮೇಲೆ ವಿಮಾನ ಆ ಎತ್ತರವನ್ನು ಸ್ವಲ್ಪ ಸ್ವಲ್ಪವಾಗಿ ಖರ್ಚುಮಾಡುತ್ತ ಮೆಲ್ಲಮೆಲ್ಲನೆ ಕೆಳಗಿಳಿಯುತ್ತದೆ.

ತಗ್ಗಾದ ಚಾವಣಿಯ ಕೆಳಗೆ ಈ ಉಳಿತಾಯಕ್ಕೆ ಅವಕಾಶವಿಲ್ಲ. ಪೂರ್ಣವಾಗಿ ತಿರುಚಿದ ರಬ್ಬರಿನಿಂದ ವಿಮಾನವನ್ನು ಬಿಟ್ಟರೆ ಅದು ನೇರವಾಗಿ ಏರಿ ಚಾವಣಿಗೆ ಬಡಿಯುತ್ತದೆ. ಆದುದರಿಂದ ಹಾರಾಟಗಾರ ರಬ್ಬರನ್ನು ತುಂಬ ತಿರುಚಿದ ಮೇಲೆ ಅದರಲ್ಲಿ ಹಲವು ಸುತ್ತುಗಳನ್ನು ತಾನಾಗಿಯೇ ಬಿಚ್ಚಿ, ಆರಂಭದ ಬಲವನ್ನು ಕಳೆದು, ಅನಂತರ ವಿಮಾನವನ್ನು ಬಿಡಬೇಕಾಗುತ್ತದೆ. ಕಷ್ಟಪಟ್ಟು ಸಂಗ್ರಹಿಸಿದ ಶಕ್ತಿಯನ್ನು ಹಾರುವ ಮೊದಲೇ ಚೆಲ್ಲಿದಂತಾಯಿತು. ಬಲ ಹೆಚ್ಚಿದಾಗ ತಾನೇ ಕೋನ ಬದಲಿಸಿಕೊಂಡು ಏರಿಕೆಯನ್ನು ತಡೆಯುವ ಪಂಖಗಳನ್ನು ಜಾಣರು ಕಂಡುಹಿಡಿದಿದ್ದಾರೆ. ಆದರೂ ನಷ್ಟ ಪೂರ್ತಿಯಾಗಿ ತಪ್ಪುವುದಿಲ್ಲ. ಹೀಗೆ ಒಂದೇ ವಿಮಾನ, ಒಂದೇ ಕೈ, ಒಂದೇ ರಬ್ಬರ್ ಇದ್ದರೂ ಚಾವಣಿ ಬದಲಾದರೆ ಕಾಲವೂ ಬದಲಾಗುತ್ತದೆ.

ಎತ್ತರದ ಮಂದಿರಗಳಾದರೂ ಎಲ್ಲಿವೆ? ಅವುಗಳಲ್ಲಿ ಅನೇಕವು ಮಾದರಿ ವಿಮಾನಗಳಿಗಾಗಿ ಕಟ್ಟಿದವಲ್ಲ. ಆಕಾಶನೌಕೆಗಳ ಯುಗ ಬಿಟ್ಟುಹೋದ ಕುರುಹುಗಳು. ಇಂಗ್ಲೆಂಡಿನ ಕಾರ್ಡಿಂಗ್ಟನ್ ಎಂಬಲ್ಲಿರುವ ಭಾರಿ ಕೊಟ್ಟಿಗೆಯಲ್ಲಿ ಆರ್-101 ಎಂಬ ಆಕಾಶನೌಕೆ ನಿರ್ಮಾಣವಾಯಿತು. 1930ರ ಅಕ್ಟೋಬರ್ 4ರ ಸಂಜೆ ಅದು ಭಾರತದ ಕಡೆಗೆ, ಅಂದು ಅವಿಭಜಿತ ಭಾರತದಲ್ಲಿದ್ದ ಕರಾಚಿಗೆ ಹೊರಟಿತು. ಮರುದಿನ ನಸುಕಿನಲ್ಲಿಯೇ ಫ್ರಾನ್ಸಿನಲ್ಲಿ ನೆಲಕ್ಕಪ್ಪಳಿಸಿ 48 ಜನರನ್ನು ಬಲಿತೆಗೆದುಕೊಂಡಿತು. ಅದಕ್ಕಾಗಿ ಕರಾಚಿಯಲ್ಲಿ ಕಟ್ಟಿದ್ದ ಕೊಟ್ಟಿಗೆ ಯಾವ ಆಕಾಶನೌಕೆಯನ್ನೂ ಕಾಣದೆ ಕೊನೆಗೆ ಕೆಡವಲ್ಪಟ್ಟಿತು. ಕಾರ್ಡಿಂಗ್ಟನ್ನಿನ ಕೊಟ್ಟಿಗೆಯಲ್ಲಿ ಮಾತ್ರ 1960 ಮತ್ತು 1970ರ ದಶಕಗಳಲ್ಲಿ ಒಂದೆರಡು ಗ್ರಾಮ್ ತೂಕದ ವಿಮಾನಗಳ ವಿಶ್ವಸ್ಪರ್ಧೆಗಳು ನಡೆದವು. ಅಮೆರಿಕದ ಆಕ್ರನ್ ನಗರದಲ್ಲಿ 1929ರಲ್ಲಿ ಕಟ್ಟಿದ ಕೊಟ್ಟಿಗೆಯ ಎತ್ತರ 60 ಮೀಟರಿಗೂ ಹೆಚ್ಚು. ಕ್ಯಾಲಿಫೋರ್ನಿಯದ ಟಸ್ಟಿನ್‌ನಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಮರದಿಂದ ಕಟ್ಟಿದ ಎರಡು ಕೊಟ್ಟಿಗೆಗಳಿದ್ದವು. ಮಾದರಿ ವಿಮಾನಗಳು ಅಲ್ಲಿಯೂ ಹಾರಿದವು. ಆ ಎರಡರಲ್ಲಿ ಒಂದು 2023ರಲ್ಲಿ ಬೆಂಕಿಗೆ ಆಹುತಿಯಾಯಿತು. ರುಮೇನಿಯ ದೇಶದ ಸ್ಲಾನಿಕ್ ಎಂಬಲ್ಲಿ ಸುಮಾರು 200 ಮೀಟರ್ ಆಳದಲ್ಲಿರುವ ಉಪ್ಪಿನ ಗಣಿಯೊಂದು ವಿಶ್ವಸ್ಪರ್ಧೆಗಳ ರಂಗಸ್ಥಳವಾಗಿದೆ. ಅದರ ಒಳಗಿನ ಎತ್ತರ 50 ಮೀಟರಿಗೂ ಮಿಕ್ಕಿದುದು. ಅಲ್ಲಿನ ಉಷ್ಣತೆ ವರ್ಷವಿಡೀ ಸುಮಾರು 12 ಡಿಗ್ರಿಗಳಷ್ಟಿದ್ದು ಗಾಳಿ ನಿಶ್ಚಲವಾಗಿರುತ್ತದೆ.

ಇಂತಹ ಮಂದಿರಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ದಾಖಲೆ ಒಂದೇ ಆಗಿದ್ದರೆ ಅದು ಇವುಗಳ ಸಮೀಪದಲ್ಲಿ ಹುಟ್ಟಿದವರ ಅಥವಾ ಅಲ್ಲಿಗೆ ಹೋಗಿಬರುವ ಹಣವುಳ್ಳವರ ಸೊತ್ತಾಗುತ್ತಿತ್ತು. ಈ ತೊಡಕನ್ನು ಬಿಡಿಸಲು ಅಂತರರಾಷ್ಟ್ರೀಯ ವಾಯುಯಾನ ಕ್ರೀಡಾ ಒಕ್ಕೂಟವು ಒಳಾಂಗಣ ದಾಖಲೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದೆ. ಚಾವಣಿ 8 ಮೀಟರಿಗಿಂತ ತಗ್ಗಾಗಿದ್ದರೆ ಮೊದಲನೆಯ ವರ್ಗ. 8ರಿಂದ 15 ಮೀಟರುಗಳವರೆಗೆ ಎರಡನೆಯದು. 15ರಿಂದ 30ರವರೆಗೆ ಮೂರನೆಯದು. 30 ಮೀಟರುಗಳನ್ನು ಮೀರಿದರೆ ನಾಲ್ಕನೆಯದು. 1905ರಲ್ಲಿ ಸ್ಥಾಪಿತವಾದ ಈ ಒಕ್ಕೂಟವೇ ಭೂಮಿಯಿಂದ 100 ಕಿಲೋಮೀಟರ್ ಎತ್ತರದಲ್ಲಿ ಒಂದು ಗೆರೆಯನ್ನು ಕಲ್ಪಿಸಿಕೊಂಡು, ಅದರ ಕೆಳಗಿನದು ವಾಯುಯಾನ, ಮೇಲಿನದು ಅಂತರಿಕ್ಷಯಾನ ಎಂದು ತನ್ನ ದಾಖಲೆಗಳನ್ನು ಬೇರ್ಪಡಿಸುತ್ತದೆ. ಶಾಲೆಯ ಸೂರಿನಿಂದ ಹಿಡಿದು ಅಂತರಿಕ್ಷದ ಅಂಚಿನವರೆಗೂ ವರ್ಗೀಕರಣದ ಪ್ರಶ್ನೆ ಒಂದೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರತ್ಯೇಕ ವರ್ಗಗಳನ್ನು ಬೆಂಬಲಿಸುವವರ ವಾದ ಬಲವಾದುದು. ಹೋಲಿಕೆ ಎಂಬುದು ಸಮಾನ ಪರಿಸ್ಥಿತಿಯಲ್ಲಿರುವವುಗಳ ನಡುವೆ ಮಾತ್ರ ಸಾಧ್ಯ ಎಂದು ಅವರು ಹೇಳುತ್ತಾರೆ. ಹಿರೇಕೆರೂರಿನ ಸೀಮೆಯ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದಗ ಮಾಸೂರು ಕೆರೆಯ ನೀರುಂಡ ಗದ್ದೆಯ ಇಳುವರಿಯನ್ನೂ ಮಳೆಯನ್ನೇ ನಂಬಿದ ಏರುಹೊಲದ ಇಳುವರಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ಬೇಸಾಯಗಾರರ ಜಾಣ್ಮೆಯನ್ನು ಯಾರೂ ತೂಗುವುದಿಲ್ಲ. ಗರಡಿಯಲ್ಲಿ ಜಟ್ಟಿಗಳನ್ನು ತೂಕ ನೋಡಿ ಜೋಡಿ ಮಾಡುವುದೂ ಇದೇ ಕಾರಣದಿಂದ. ಅಷ್ಟೇ ಅಲ್ಲ, ತಗ್ಗಾದ ಚಾವಣಿಯ ಕೆಳಗೆ ಹಾರಿಸುವ ಕಲೆಯೇ ಬೇರೆ. ಅಲ್ಲಿ ಬಲವನ್ನು ಬಳಸುವುದಕ್ಕಿಂತ ಹಿಡಿತದಲ್ಲಿಡುವುದು ಮುಖ್ಯ. ಎತ್ತರದ ಮಂದಿರದ ವಿಜಯಿ ಇಲ್ಲಿಯೂ ಗೆಲ್ಲುವನೆಂಬ ಭರವಸೆಯಿಲ್ಲ. ಬೇರೆ ಕಲೆಗೆ ಬೇರೆ ಗೌರವ ಸಲ್ಲಬೇಡವೇ?

ಇದೇ ತರ್ಕ ಸಾಮಗ್ರಿಯ ವಿಷಯಕ್ಕೂ ಹಬ್ಬಿತು. ಮೈಕ್ರೋಫಿಲ್ಮನ್ನು ತಯಾರಿಸುವ ಕೌಶಲ ಎಲ್ಲರಿಗೂ ಒಲಿಯುವುದಲ್ಲ. ಅದನ್ನು ನಿಷೇಧಿಸಿ, ರೆಕ್ಕೆಯ ಉದ್ದವನ್ನು ಸುಮಾರು 46 ಸೆಂಟಿಮೀಟರುಗಳಿಗೆ ಮಿತಗೊಳಿಸಿ, ಎಫ್-1-ಎಲ್ ಎಂಬ ಸರಳ ವರ್ಗವನ್ನು ರೂಪಿಸಲಾಯಿತು. ಅಮೆರಿಕದಲ್ಲಿ ಪೆನಿಪ್ಲೇನ್ ಎಂಬ ವರ್ಗ ಜನಪ್ರಿಯವಾಯಿತು. ಆ ದೇಶದ ಒಂದು ಸೆಂಟಿನ ಹಳೆಯ ತಾಮ್ರನಾಣ್ಯದಷ್ಟು, ಅಂದರೆ 3.1 ಗ್ರಾಮಿನಷ್ಟಾದರೂ ವಿಮಾನ ತೂಗಬೇಕೆಂಬುದು ಅದರ ನಿಯಮ. ಹೆಸರು ಬಂದುದೂ ನಾಣ್ಯದಿಂದಲೇ. ತಕ್ಕಡಿ ಇಲ್ಲದವನೂ ಒಂದು ನಾಣ್ಯವನ್ನು ಎದುರಿಗಿಟ್ಟು ತನ್ನ ವಿಮಾನವನ್ನು ತೂಗಬಹುದು. ಹೊಸಬರಿಗೆ ಬಾಗಿಲನ್ನು ತೆರೆದ ನಿಯಮವಿದು.

ಇನ್ನು ವಿರೋಧಿಗಳ ವಾದವನ್ನು ಕೇಳೋಣ. ಅದನ್ನೂ ಅಲಕ್ಷಿಸುವಂತಿಲ್ಲ. ವರ್ಗಗಳು ಹೆಚ್ಚಿದಷ್ಟೂ ಪ್ರತಿಯೊಂದರಲ್ಲಿ ಸ್ಪರ್ಧಿಸುವವರ ಸಂಖ್ಯೆ ಇಳಿಯುತ್ತದೆ ಎಂದು ಅವರು ಎಚ್ಚರಿಸುತ್ತಾರೆ. ನಾಲ್ಕು ಎತ್ತರಗಳು, ಐದು ಗಾತ್ರಗಳು, ಮೂರು ಸಾಮಗ್ರಿಗಳು ಎಂದು ವಿಂಗಡಿಸಿದರೆ ಅರುವತ್ತು ದಾಖಲೆಗಳಾದವು. ಒಬ್ಬನೇ ಓಡಿ ಒಬ್ಬನೇ ಗೆದ್ದ ಓಟಕ್ಕೆ ಯಾವ ಕೀರ್ತಿ? ಎಲ್ಲರಿಗೂ ಒಂದೊಂದು ಪದಕ ಹಂಚಿದ ದಿನ ಪದಕದ ಲೋಹ ಉಳಿಯುತ್ತದೆ, ಅರ್ಥ ಉಳಿಯುವುದಿಲ್ಲ. ಅಲ್ಲದೆ ಗೆರೆ ಎಳೆದಲ್ಲೆಲ್ಲ ಹೊಸ ಅನ್ಯಾಯವೂ ಹುಟ್ಟುತ್ತದೆ. 8 ಮೀಟರಿಗಿಂತ ಒಂದು ಗೇಣು ತಗ್ಗಾದ ಚಾವಣಿಯುಳ್ಳವನು ತನ್ನ ವರ್ಗದಲ್ಲಿ ಅತಿ ಅನುಕೂಲದ ಸ್ಥಾನದಲ್ಲಿದ್ದಾನೆ. ಒಂದು ಗೇಣು ಎತ್ತರವಾದ ಚಾವಣಿಯುಳ್ಳವನಾದರೋ 15 ಮೀಟರಿನವರೊಡನೆ ಸೆಣಸಬೇಕು. ಒಂದು ಗೇಣಿನ ಅಂತರ ಒಬ್ಬನನ್ನು ಮೇಲೆತ್ತಿ ಮತ್ತೊಬ್ಬನನ್ನು ಕೆಳಕ್ಕೆ ತಳ್ಳಿತು.

ಮೂರನೆಯ ದಾರಿಯೊಂದು ತೋರುತ್ತದೆ. ವರ್ಗಗಳೇ ಬೇಡ, ಚಾವಣಿಯ ಎತ್ತರಕ್ಕೆ ತಕ್ಕಂತೆ ಗಣಿತದ ಸೂತ್ರವೊಂದರಿಂದ ಕಾಲವನ್ನು ಹೆಚ್ಚಿಸಿ ಅಥವಾ ತಗ್ಗಿಸಿ ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಬಹುದಲ್ಲವೇ? ಕೇಳಲು ಇದು ಸೊಗಸಾಗಿದೆ. ಆದರೆ ಹಾಗೆ ದೊರೆತ ಕಾಲ ಯಾವ ಗಡಿಯಾರದಲ್ಲಿಯೂ ಕಂಡುಬಂದುದಲ್ಲ. ಕಾಗದದ ಮೇಲೆ ಹುಟ್ಟಿದುದು. ಕಣ್ಣಾರೆ ಕಂಡ ಹಾರಾಟದ ಸ್ಥಳದಲ್ಲಿ ಲೆಕ್ಕದ ಹಾರಾಟವನ್ನು ಕೂರಿಸಿದಂತಾಗುತ್ತದೆ. ಸೂತ್ರವನ್ನು ತಿದ್ದಿದಾಗಲೆಲ್ಲ ಹಳೆಯ ವಿಜಯಿ ಸೋತು ಹಳೆಯ ಪರಾಜಿತ ಗೆಲ್ಲುವ ವಿಚಿತ್ರವೂ ನಡೆದೀತು.

ಬೇರೆ ಕ್ರೀಡೆಗಳು ಈ ಸಂದಿಗ್ಧವನ್ನು ಹೇಗೆ ಎದುರಿಸಿವೆ ಎಂಬುದನ್ನು ನೋಡುವುದು ಉಪಯುಕ್ತ. 1968ರಲ್ಲಿ ಮೆಕ್ಸಿಕೋ ನಗರದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಅಮೆರಿಕದ ಬಾಬ್ ಬೀಮನ್ 8.90 ಮೀಟರ್ ದೂರ ಜಿಗಿದು ಜಗತ್ತನ್ನು ಬೆರಗುಗೊಳಿಸಿದನು. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರನ್ನು ಮೀರಿದರೆ ಉದ್ದ ಜಿಗಿತದ ದಾಖಲೆ ಸಲ್ಲದು. ಅಂದು ಗಾಳಿ ಸರಿಯಾಗಿ ಆ ಮಿತಿಯಲ್ಲಿತ್ತು. ಮೆಕ್ಸಿಕೋ ನಗರ ಸಮುದ್ರಮಟ್ಟದಿಂದ 2,200 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿನ ತೆಳುವಾದ ಗಾಳಿ ಜಿಗಿಯುವವನಿಗೆ ಅನುಕೂಲವೆಂಬುದು ಎಲ್ಲರಿಗೂ ತಿಳಿದಿದ್ದರೂ ಅದಕ್ಕಾಗಿ ಬೇರೆ ವರ್ಗವನ್ನು ಮಾಡಲಿಲ್ಲ. ಆ ದಾಖಲೆ 1991ರವರೆಗೆ ಉಳಿಯಿತು. ಅಂದರೆ ಒಂದು ಕ್ರೀಡೆ ಗಾಳಿಯ ವೇಗಕ್ಕೆ ಗೆರೆ ಎಳೆದು, ಊರಿನ ಎತ್ತರವನ್ನು ಹಾಗೆಯೇ ಬಿಟ್ಟಿತು.

ಸೈಕಲ್ ಸವಾರರ ಕಥೆ ಇನ್ನೂ ಬೋಧಪ್ರದ. ಒಂದು ಗಂಟೆಯಲ್ಲಿ ಗರಿಷ್ಠ ದೂರವನ್ನು ಕ್ರಮಿಸುವ ದಾಖಲೆಯನ್ನು 1972ರಲ್ಲಿ ಬೆಲ್ಜಿಯಂ ದೇಶದ ಎಡ್ಡಿ ಮರ್ಕ್ಸ್ 49.431 ಕಿಲೋಮೀಟರುಗಳಿಗೆ ಏರಿಸಿದನು. ಅನಂತರ ಸೈಕಲಿನ ರೂಪವೇ ಬದಲಾಗಿ, 1996ರಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ 56.375 ಕಿಲೋಮೀಟರುಗಳನ್ನು ಸಾಧಿಸಿದನು. ಇದು ಸವಾರನ ಗೆಲುವೋ ಸೈಕಲಿನ ಗೆಲುವೋ ಎಂಬ ವಾದ ಬೆಳೆದು, 2000ದಲ್ಲಿ ಆ ಕ್ರೀಡೆಯ ವಿಶ್ವಸಂಸ್ಥೆ ದಾಖಲೆಯನ್ನು ಎರಡಾಗಿ ಒಡೆಯಿತು. ಹಳೆಯ ಮಾದರಿಯ ಸೈಕಲನ್ನೇರಿ ಅದೇ ಬೋರ್ಡ್‌ಮನ್ ಅದೇ ವರ್ಷ 49.441 ಕಿಲೋಮೀಟರುಗಳನ್ನು ಕ್ರಮಿಸಿದನು. ಮರ್ಕ್ಸನಿಗಿಂತ ಕೇವಲ 10 ಮೀಟರ್ ಹೆಚ್ಚು! ಸವಾರನ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂಬುದು ಆಗ ಬೆಳಕಿಗೆ ಬಂದಿತು. ಆದರೆ ಹಳೆಯ ಸೈಕಲನ್ನು ಹತ್ತುವವರು ವಿರಳರಾದರು. ಕೊನೆಗೆ 2014ರಲ್ಲಿ ಎರಡನ್ನೂ ಮತ್ತೆ ಒಂದುಗೂಡಿಸಲಾಯಿತು. ವಿಭಜನೆ ಸತ್ಯವನ್ನು ತೋರಿಸಿತು. ಆದರೆ ಸ್ಪರ್ಧೆಯನ್ನು ಬರಿದುಮಾಡಿತು.

ಈ ನಿದರ್ಶನಗಳಿಂದ ಕೆಲವು ತತ್ತ್ವಗಳು ಹೊರಡುತ್ತವೆ. ಪ್ರತ್ಯೇಕ ವರ್ಗಕ್ಕೆ ಕಾರಣವಾಗುವ ವ್ಯತ್ಯಾಸ ಮೊದಲನೆಯದಾಗಿ ಸ್ಪರ್ಧಿಯ ಕೈಮೀರಿದುದಾಗಿರಬೇಕು. ಎರಡನೆಯದಾಗಿ, ಅದು ಫಲಿತಾಂಶವನ್ನು ಗಣನೀಯವಾಗಿ ಬದಲಿಸುವಂತಿರಬೇಕು. ಮೂರನೆಯದಾಗಿ, ಅದನ್ನು ಹಾರಾಟಕ್ಕೆ ಮುಂಚೆಯೇ ವಿವಾದವಿಲ್ಲದೆ ಅಳೆಯುವಂತಿರಬೇಕು. ನಾಲ್ಕನೆಯದಾಗಿ, ಗೆರೆಯ ಎರಡೂ ಕಡೆಗಳಲ್ಲಿ ನಿಜವಾದ ಸ್ಪರ್ಧೆ ನಡೆಯುವಷ್ಟು ಜನರಿರಬೇಕು.

ಚಾವಣಿಯನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಿರಿ. ಅಬಲೂರಿನ ವಿದ್ಯಾರ್ಥಿನಿ ತನ್ನ ಕೌಶಲವನ್ನು ಹೆಚ್ಚಿಸಿಕೊಳ್ಳಬಲ್ಲಳು. ಶಾಲೆಯ ಸೂರನ್ನು ಮೇಲೆತ್ತಲಾರಳು. ಸೂರಿನ ಪ್ರಭಾವ ದೊಡ್ಡದು. ಅದನ್ನು ಅಳೆಯಲು ದಾರವೂ ಅಳತೆಪಟ್ಟಿಯೂ ಸಾಕು. ತಗ್ಗಾದ ಸೂರುಗಳು ಲೋಕದಲ್ಲೆಲ್ಲ ಇರುವುದರಿಂದ ಸ್ಪರ್ಧಿಗಳಿಗೂ ಕೊರತೆಯಾಗದು. ಆದುದರಿಂದ ಚಾವಣಿಯ ವರ್ಗಗಳು ನ್ಯಾಯಸಮ್ಮತ. ಇನ್ನೊಂದು ಅಂಶವನ್ನೂ ಗಮನಿಸಬೇಕು. 8, 15, 30 ಎಂಬ ಮೇರೆಗಳು ಒಂದಕ್ಕೊಂದು ಹೆಚ್ಚುಕಡಿಮೆ ಇಮ್ಮಡಿಯಾಗಿವೆ. 5 ಮೀಟರಿನ ಸೂರಿಗೆ ಇನ್ನೂ 5 ಮೀಟರ್ ಸೇರಿದರೆ ಹಾರಾಟದ ಬಗೆಯೇ ಬದಲಾದೀತು. 50 ಮೀಟರಿಗೆ ಅಷ್ಟೇ ಸೇರಿದರೆ ಆಗುವ ಲಾಭ ಅಲ್ಪ. ಅಂತರಕ್ಕಿಂತ ಪ್ರಮಾಣ ಮುಖ್ಯವೆಂಬ ವಿವೇಕ ಈ ಮೇರೆಗಳಲ್ಲಿ ಕಾಣುತ್ತದೆ.

ಅದೇ ಒರೆಗಲ್ಲಿಗೆ ಬಾಲ್ಸಾದ ಆಯ್ಕೆಯನ್ನು ತಿಕ್ಕಿದರೆ ಅದು ನಿಲ್ಲುವುದಿಲ್ಲ. ನೂರು ತುಂಡುಗಳಲ್ಲಿ ಹಗುರವೂ ಗಟ್ಟಿಯೂ ಆದ ಒಂದು ತುಂಡನ್ನು ಗುರುತಿಸುವುದು ಹಾರಾಟಗಾರನ ಕಣ್ಣಿಗೆ, ಕೈಗೆ ಸೇರಿದ ವಿದ್ಯೆ. ಅದನ್ನು ಬೇರೆ ವರ್ಗ ಮಾಡಿದರೆ ಜಾಣ್ಮೆಯನ್ನೇ ದಂಡಿಸಿದಂತೆ. ಮಡಕೆಯ ಮಣ್ಣನ್ನು ಆರಿಸುವುದು ಕುಂಬಾರನ ಕಸುಬಿನ ಭಾಗವಲ್ಲವೇ? ಕೈಮೀರಿದುದಕ್ಕೆ ರಿಯಾಯಿತಿ ಇರಲಿ. ಕೈಗೆ ಸೇರಿದುದಕ್ಕೆ ಪರೀಕ್ಷೆಯೇ ಇರಲಿ.

ಕಾಲವೂ ಒಂದು ಬಗೆಯ ಚಾವಣಿಯೇ. ಎಫ್-1-ಡಿ ವರ್ಗದಲ್ಲಿ ರೆಕ್ಕೆಯ ಮಿತಿ 65 ಸೆಂಟಿಮೀಟರುಗಳಿಂದ 55ಕ್ಕೆ ಇಳಿಯಿತು. ಅನಂತರ ರಬ್ಬರಿನ ಮಿತಿ 0.6 ಗ್ರಾಮಿನಿಂದ 0.4ಕ್ಕೆ ಇಳಿದು, ವಿಮಾನದ ಕನಿಷ್ಠ ತೂಕ 1.2 ಗ್ರಾಮಿನಿಂದ 1.4ಕ್ಕೆ ಏರಿತು. ಹಾರಾಟದ ಕಾಲ ಮೊಟಕಾದುದು ಇದರ ಸಹಜ ಪರಿಣಾಮ. ಹಿಂದಿನವರು ದಾಟಿದ ಒಂದು ಗಂಟೆಯನ್ನು ಇಂದಿನವರು ಮುಟ್ಟಲಿಲ್ಲವೆಂದು ಇಂದಿನವರನ್ನು ಹಳಿಯುವುದು ತಪ್ಪು. ಇಂದಿನವರ ಕಟ್ಟುನಿಟ್ಟಿನ ನಿಯಮವನ್ನು ಮುಂದಿಟ್ಟು ಹಿಂದಿನವರ ಸಾಧನೆಯನ್ನು ಕಿರಿದುಮಾಡುವುದೂ ತಪ್ಪು. ಎರಡನ್ನೂ ಅವುಗಳ ನಿಯಮದೊಂದಿಗೆ ಬರೆದಿಡುವುದೇ ಸರಿಯಾದ ಕ್ರಮ.

ದಾಖಲೆಯೆಂದರೆ ಬರಿಯ ಸಂಖ್ಯೆಯಲ್ಲ. ಯಾವ ಪರಿಸ್ಥಿತಿಯಲ್ಲಿ ಏನು ಸಾಧ್ಯವಾಯಿತು ಎಂಬುದರ ಸಾಕ್ಷ್ಯ. ಪರಿಸ್ಥಿತಿಯನ್ನು ಕಿತ್ತೊಗೆದರೆ ಸಂಖ್ಯೆ ಸುಳ್ಳಾಡುತ್ತದೆ. ಪರಿಸ್ಥಿತಿಯನ್ನೇ ನೆಪ ಮಾಡಿಕೊಂಡರೆ ಸಾಧನೆ ಮರೆಯಾಗುತ್ತದೆ. ಪರೀಕ್ಷೆಯ ಅಂಕಗಳಲ್ಲಾಗಲಿ, ಹೊಲದ ಇಳುವರಿಯಲ್ಲಾಗಲಿ, ಎರಡು ಸಂಖ್ಯೆಗಳನ್ನು ಹೋಲಿಸುವ ಮುನ್ನ ಅವುಗಳ ಮೇಲಿದ್ದ ಸೂರಿನ ಎತ್ತರವನ್ನು ಕೇಳುವುದು ವಿವೇಕಿಯ ಲಕ್ಷಣ. ಹಾಗೆ ಕೇಳಿ ತಿಳಿದ ಮೇಲೆ, ತನ್ನ ಸೂರಿನ ಕೆಳಗೆ ತನ್ನಿಂದ ಸಾಧ್ಯವಾದಷ್ಟು ಹೊತ್ತು ಹಾರಿಸುವುದು ಕ್ರೀಡಾಪಟುವಿನ ಕರ್ತವ್ಯ.

ಅಭ್ಯಾಸ

1. ಒಳಾಂಗಣ ಮಾದರಿ ವಿಮಾನವನ್ನು ಬಯಲಿನಲ್ಲಿ ಏಕೆ ಹಾರಿಸಲಾಗದು?
2. ತಗ್ಗಾದ ಚಾವಣಿಯ ಕೆಳಗೆ ಹಾರಾಟಗಾರ ರಬ್ಬರಿನ ಕೆಲವು ಸುತ್ತುಗಳನ್ನು ಬಿಚ್ಚುವುದೇಕೆ? ವಿವರಿಸಿರಿ.
3. ದಾಖಲೆಯ ನಾಲ್ಕು ಚಾವಣಿ ವರ್ಗಗಳನ್ನು ತಿಳಿಸಿರಿ.
4. ಸೈಕಲ್ ಸವಾರರ ದಾಖಲೆಯನ್ನು ಎರಡಾಗಿ ಒಡೆದುದರಿಂದ ಆದ ಲಾಭ, ನಷ್ಟಗಳೇನು?
5. ‘ಕೈಮೀರಿದುದಕ್ಕೆ ರಿಯಾಯಿತಿ ಇರಲಿ, ಕೈಗೆ ಸೇರಿದುದಕ್ಕೆ ಪರೀಕ್ಷೆಯೇ ಇರಲಿ’ – ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.
6. ನಿಮ್ಮ ಶಾಲೆಯ ಕ್ರೀಡಾಕೂಟದ ಯಾವುದಾದರೂ ಒಂದು ಸ್ಪರ್ಧೆಗೆ ಪ್ರತ್ಯೇಕ ವರ್ಗಗಳು ಬೇಕೆ, ಬೇಡವೇ ಎಂಬ ವಿಷಯವಾಗಿ ತರಗತಿಯಲ್ಲಿ ಚರ್ಚಾಕೂಟವನ್ನು ಏರ್ಪಡಿಸಿರಿ.